ಬಿಗಿಯೂ ಸಡಿಲವೂ

ಕೋವಿ ರಿಪೇರಿಯ ರೇವಣಸಿದ್ದಯ್ಯನವರು ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ಬಂದವರು ಹಾರಿಸಿ ತಂದ ಖಾಲಿ ತೋಟಾವನ್ನು ಕೇಳಿ ಪಡೆದು, ಕಿಟಕಿಯ ಬೆಳಕಿಗೆ ಹಿಡಿದು, ಅದರ ಮೈಮೇಲಿನ ಉಬ್ಬು ಗೀರುಗಳಿಂದಲೇ ಕೋವಿಯ ಜಾತಕವನ್ನು ಓದಿ ಮುಗಿಸಿದ ಬಳಿಕವೇ 'ಬನ್ನಿ, ಕೂತ್ಕೊಳ್ಳಿ' ಎನ್ನುತ್ತಿದ್ದರು. ಬೇಸಿಗೆಯಲ್ಲೂ ಬಿಡದ ಅವರ ಬೂದುಬಣ್ಣದ ಕೋಟಿನ ಜೇಬುಗಳಲ್ಲಿ ಆ ಹಿತ್ತಾಳೆ ಚಿಪ್ಪುಗಳು ಸದಾ ಕಿಣಿಗುಟ್ಟುತ್ತಿದ್ದುದರಿಂದ, ಅವರಿನ್ನೂ ಚಾಮರಾಜಪೇಟೆಯ ಬೀದಿ ತಿರುವಿನಲ್ಲಿರುವಾಗಲೇ ಮನೆಯಲ್ಲಿ ಹೆಂಡತಿ ಶೈಲಜಮ್ಮ ಕಾಫಿಗೆ ನೀರಿಡುತ್ತಿದ್ದರು. ಹೊಗಳಿಕೆ, ತೆಗಳಿಕೆ ಎರಡಕ್ಕೂ ಅವರದು ಒಂದೇ ಉತ್ತರ: 'ನೋಡೋಣ.'

೧೯೭೭ರಲ್ಲಿ, ರಾಜ್ಯದ ಶೂಟಿಂಗ್ ತಂಡದ ಆಯ್ಕೆಗೆ ಸಿದ್ಧಳಾಗುತ್ತಿದ್ದ ಬ್ಯಾಂಕ್ ನೌಕರೆ ಮಹಾನಂದ ತನ್ನ ರೈಫಲ್ಲಿಗೆ ಹೊಸ ನಳಿಗೆ ಬೇಕೆಂದು ಬಂದಳು. ತೋಟಾ ಕೂರುವ ಚೇಂಬರನ್ನು ಬಿಗಿಯಾಗಿ ಕೊರೆದರೆ ಗುಂಡು ಓಲಾಡದೆ ಹೊರಟು ಗುರಿ ನಿಖರವಾಗುತ್ತದೆ. ಕೂದಲೆಳೆಯಷ್ಟು ಸಡಿಲ ಬಿಟ್ಟರೆ ಗುರಿ ಕೊಂಚ ಚದುರಿದರೂ, ಮಸಿ ಕಟ್ಟಿದ ಕೋವಿ ನಡುದಾರಿಯಲ್ಲಿ ತೋಟಾ ಕಚ್ಚಿಕೊಂಡು ಮುನಿಯುವುದಿಲ್ಲ. ಎರಡರಲ್ಲಿ ಯಾವುದು ಮೇಲೆಂದು ತಿಳಿಯಲು ಅಯ್ಯನವರು ಎರಡು ನಳಿಗೆಗಳನ್ನೇ ಕೊರೆದು ಪರೀಕ್ಷೆಗಿಟ್ಟರು. ಸಡಿಲದ್ದರ ಹತ್ತು ಗುಂಡುಗಳು ರೂಪಾಯಿ ಬಿಲ್ಲೆಯಷ್ಟಗಲ ಬಿದ್ದರೆ, ಬಿಗಿಯದ್ದರ ಹತ್ತನ್ನೂ ನಾಲ್ಕಾಣೆ ಬಿಲ್ಲೆ ಮುಚ್ಚಿತು.

'ಬಿಗೀದೇ ಇರ್ಲಿ ಅಯ್ನೋರೆ,' ಎಂದಳು ಮಹಾನಂದ. ಆ ದಿನ ಮಾತ್ರ ಅವರು 'ನೋಡೋಣ' ಎನ್ನಲಿಲ್ಲ.

ಆಯ್ಕೆಯ ದಿನ, ಅರವತ್ತು ಗುಂಡುಗಳ ಸ್ಪರ್ಧೆಯಲ್ಲಿ ನಲವತ್ತೆರಡನೆಯ ತೋಟಾ ಅರ್ಧಕ್ಕೇ ಸಿಕ್ಕಿಕೊಂಡಿತು. ಬಿಡಿಸುವಷ್ಟರಲ್ಲಿ ಹೊತ್ತು ಮೀರಿ, ಅವಳ ಸ್ಥಾನ ಬೇರೆಯವರ ಪಾಲಾಯಿತು. 'ಕೋವಿ ಕ್ಲೀನಾಗಿ ಇಟ್ಕೊಳ್ಳೋಕೆ ಬರಲ್ಲ ಈ ಹುಡ್ಗೀಗೆ,' ಎಂದರು ತಂಡದ ಹಿರಿಯ ಗಂಗಾಧರಯ್ಯ, ಎಲ್ಲರಿಗೂ ಕೇಳುವಂತೆ. ಮಹಾನಂದ ತಲೆ ತಗ್ಗಿಸಿದಳು.

ಹಿಂದಿನ ಬೆಂಚಿನಿಂದ ಅಯ್ಯನವರು ಎದ್ದು ನಿಂತರು. 'ಆಯಮ್ಮಂದು ಏನೂ ತಪ್ಪಿಲ್ಲ ಸ್ವಾಮಿ. ಪರೀಕ್ಷೆ ಮಾಡೋವಾಗ ನಾನು ಪ್ರತಿ ಹತ್ತು ಗುಂಡಿಗೂ ನಳಿಗೆ ಒರೆಸ್ತಿದ್ದೆ. ಒರೆಸ್ದೆ ಅರವತ್ತು ಹೊಡೆದು ನೋಡ್ಲೇ ಇಲ್ಲ. ನಾಲ್ಕಾಣೆ ಅಗಲ ಕಂಡು ಮೈಮರ್ತೆ. ತಪ್ಪು ನಂದು.'

ಆ ತಿಂಗಳೇ ಹಲವರು ತಮ್ಮ ಕೋವಿಗಳನ್ನು ಬೇರೆಡೆಗೆ ಒಯ್ದರು. ಬಂದವಳು ಮಹಾನಂದ ಒಬ್ಬಳೇ. 'ಆ ಇನ್ನೊಂದು ನಳಿಗೆ ಹಾಕ್ಕೊಡಿ,' ಎಂದಳು. ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಒಮ್ಮೆಯೂ ಒರೆಸದೆ ಅರವತ್ತು ಗುಂಡು ಹಾರಿಸಿದ ಮೇಲೆಯೇ ಅವರು ಕೋವಿಯನ್ನು ಕೊಟ್ಟದ್ದು. ಮರುವರ್ಷ ಅವಳು ಒಂದೇ ಅಂಕದ ಅಂತರದಲ್ಲಿ ತಂಡ ಸೇರಿದಳು.

ತಪ್ಪಿದ ಕೈಯನ್ನು ನಾಲ್ವರೆದುರು ಎತ್ತಿ ತೋರಿಸಿ, ಮರುದಿನ ಅದೇ ಕೈಯಿಂದ ಕೆಲಸಕ್ಕೆ ಕೂರುವ ಕಸುಬುದಾರರು ಎಲ್ಲ ಕಾಲಕ್ಕೂ ವಿರಳ. ಅಂಥವರಿಂದ ಮರಳಿ ಪಡೆದ ವಸ್ತುವನ್ನು ಯಾರೂ ಅನುಮಾನದಿಂದ ಎರಡನೆಯ ಸಲ ತಿರುಗಿಸಿ ನೋಡುವುದಿಲ್ಲ.