ಹನ್ನೊಂದು ನಲವತ್ತೆರಡರ ಚೀಟಿ

"ಕಂಪ್ಯೂಟರ ವೈರಿನ್ಯಾಗ ಓಡೋ ಪ್ಯಾಕೆಟ್ ಬರಿಗಣ್ಣಿಲೆ ಕಂಡಾಂವ ಇಡೀ ಬೆಳಗಾವಿ ಜಿಲ್ಲಾದಾಗ ನಾ ಒಬ್ಬನ," ಎಂದ ಅಣ್ಣಪ್ಪ, ಚಟ್ಟದ ಬಿದಿರಿಗೆ ಹುರಿ ಬಿಗಿಯುತ್ತ. "ಒಂದನ್ನ ಎರಡ ಬೆರಳಾಗ ಹಿಡದು ಬಾಬಾಸಾಹೇಬರ ಕೈಯಾಗ ಇಟ್ಟೀನಿ. ಇನ್ನೂ ಬಿಸಿ ಇತ್ತು."

"ಬಿಸಿ ಇತ್ತಂದ್ರ ಅದು ಚಹಾ ಇರಬೇಕು ತಗೊ," ಎಂದ ಹುರಿಯ ಇನ್ನೊಂದು ತುದಿ ಹಿಡಿದಿದ್ದ ನೆರೆಮನೆಯ ಪರಪ್ಪ.

ಪರಪ್ಪನಿಗೆ ಏನು ಗೊತ್ತು! ಅಣ್ಣಪ್ಪನಂಥ ಗಂಡಸು ಹುಟ್ಟುವುದು ನೂರು ವರ್ಷಕ್ಕೊಮ್ಮೆ. ಅವತ್ತು ಬೆಳಿಗ್ಗೆ ಸುದ್ದಿ ಕೇಳಿದವನೇ ಮೂಡಲಗಿಯಿಂದ ಗೋಕಾಕಿಗೆ ಸೈಕಲ್ ಮೇಲೆ ಹನ್ನೊಂದು ನಿಮಿಷದಲ್ಲಿ ಬಂದಿದ್ದ. ಅದೂ ಎದುರುಗಾಳಿಯಲ್ಲಿ.

ಒಳಗೆ ಪಡಸಾಲೆಯಲ್ಲಿ ಬಾಬಾಸಾಹೇಬರು ಮಲಗಿದ್ದರು. ಮೂವತ್ತೈದು ವರ್ಷ ಟೆಲಿಫೋನ್ ಲೈನ್‌ಮನ್ ಆಗಿ ಕಂಬ ಹತ್ತಿದವರು, ನಿವೃತ್ತಿಯ ನಂತರ ಮೂಡಲಗಿಯ ಪತ್ತಿನ ಸಂಘದ ಎಂಟು ಕಂಪ್ಯೂಟರುಗಳ ವೈರು ನೋಡಿಕೊಂಡವರು. ತಲೆಯ ಬಳಿ ಹೆಂಡತಿ ಜಿನ್ನವ್ವ ಜೈನರ ಣಮೋಕಾರ ಮಂತ್ರ ಹೇಳುತ್ತ ಕೂತಿದ್ದಳು. ಮೂಲೆಯ ಕಂಪ್ಯೂಟರಿನಲ್ಲಿ ಮಗಳು ಶುಭಾಂಗಿ ಅಪ್ಪನ ಒಳ್ಳೆಯದೊಂದು ಫೋಟೋ ಹುಡುಕುತ್ತಿದ್ದಳು.

ಸಂಘದ ಸಿಪಾಯಿ ಯಲ್ಲಪ್ಪ ಮಾತ್ರ ಗೇಟಿನ ಹೊರಗೇ ನಿಂತಿದ್ದ.

"ಒಳಗ ಬಾರೋ, ಕಡೀ ಸಲ ಮಾರಿ ನೋಡು," ಎಂದ ಪರಪ್ಪ.

"ಬ್ಯಾಡ್ರಿ. ಒಳಗ ಕಂಪ್ಯೂಟರ ಐತಿ."

"ಅಂವನ್ನ ಬಿಡ್ರಿ," ಎಂದು ಅಣ್ಣಪ್ಪ ನಕ್ಕ. "ಐದ ವರ್ಷದ ಹಿಂದ ಸಂಘದ ಎಂಟೂ ಕಂಪ್ಯೂಟರ ಮಲಗಿಸಿದ ಮಹಾನುಭಾವ ಇವನ. ಎಬ್ಬಿಸಿದಾಂವ ನಾನು."

*

ಅದು ಎರಡು ಸಾವಿರದ ಎರಡು, ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ವಾರ. ಪತ್ರಿಕೆಯೊಂದರ ಜೊತೆ ಬಂದ ಸೀಡಿಯಲ್ಲಿ ಬಾಬಾಸಾಹೇಬರಿಗೆ ಒಂದು ಸಾಫ್ಟ್‌ವೇರ್ ಸಿಕ್ಕಿತ್ತು. ಕಂಪ್ಯೂಟರುಗಳು ವೈರಿನೊಳಗೆ ಒಂದಕ್ಕೊಂದು ಕಳಿಸಿಕೊಳ್ಳುವ ಚೀಟಿಗಳನ್ನು, ಅಂದರೆ ಪ್ಯಾಕೆಟ್ಟುಗಳನ್ನು, ಅದು ಗಳಿಗೆಯ ಸಮೇತ ಬರೆದಿಡುತ್ತಿತ್ತು.

ಎರಡು ದಿನ ಒಂದು ಚೀಟಿಯೂ ಬೀಳಲಿಲ್ಲ. ಪರದೆ ಹಾಲಿನಂತೆ ಬೆಳ್ಳಗೆ.

"ಕಾಕಾ, ನಿಮ್ಮ ಬಲಿಗಿ ಒಂದ ಮೀನೂ ಬೀಳವಲ್ದು," ಎಂದು ಗುಮಾಸ್ತ ಅಣ್ಣಪ್ಪ ಕಾಡಿದ.

ಮೂರನೆಯ ದಿನ ಬಾಬಾಸಾಹೇಬರು ಹಣೆ ಬಡಿದುಕೊಂಡರು. ಎಲ್ಲಿ ಕಿವಿಗೊಡಬೇಕು ಎಂದು ಸಾಫ್ಟ್‌ವೇರ್ ಕೇಳಿದಾಗ ಅವರು ಟೆಲಿಫೋನಿನ ಮೋಡೆಮ್ ಆರಿಸಿದ್ದರು. ಜೀವಮಾನವಿಡೀ ಟೆಲಿಫೋನಿಗೆ ಅಂಟಿದ ಕೈ ತಾನಾಗಿ ಅಲ್ಲಿಗೇ ಹೋಗಿತ್ತು. ನೆಟ್‌ವರ್ಕ್ ಕಾರ್ಡ್ ಆರಿಸಿದ್ದೇ ತಡ, ಚೀಟಿಗಳು ಸಾಲುಸಾಲಾಗಿ ಸುರಿದವು. ಅದನ್ನು ಹಾಗೇ ಓಡಲು ಬಿಟ್ಟರು.

ಪೂಜೆಯ ದಿನ ಮಧ್ಯಾಹ್ನಕ್ಕೆ ತುಸು ಮುಂಚೆ ಎಂಟೂ ಕಂಪ್ಯೂಟರು ಕಲ್ಲಾದವು. ಪಾಸ್‌ಬುಕ್ ಹಿಡಿದವರ ಸಾಲು ರಸ್ತೆಗೆ ಬಂತು. (ಅಣ್ಣಪ್ಪನ ಲೆಕ್ಕದಲ್ಲಿ ಹುಕ್ಕೇರಿಯ ತನಕ ಹೋಗಿತ್ತು.) ಬಾಬಾಸಾಹೇಬರು ಪರದೆ ನೋಡಿದರು. "ಐದನೇ ನಂಬರಿನವರು ಯಾರು?" ಎಂಬ ಒಂದೇ ಚೀಟಿ ಲಕ್ಷಗಟ್ಟಲೆ ಸಲ ಬಿದ್ದಿತ್ತು. ಎಲ್ಲ ವೈರು ಕೂಡುವ ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿದರು. ಒಂದು ವೈರಿನ ಎರಡೂ ತುದಿ ಅದೇ ಪೆಟ್ಟಿಗೆಯಲ್ಲಿ ಚುಚ್ಚಿತ್ತು! ಹೊರಟ ಚೀಟಿ ಅಲ್ಲಿಗೇ ಮರಳಿ, ಮತ್ತೆ ಹೊರಟು, ದಾರಿಯನ್ನೆಲ್ಲ ತುಂಬಿಬಿಟ್ಟಿತ್ತು.

"ಇವತ್ತ ಖೋಲಿ ಸ್ವಚ್ಛ ಮಾಡಿದವರ್ಯಾರು?" ಎಂದು ಗುಡುಗಿದರು ಚೇರಮನ್ ವೀರಪ್ಪ.

"ನಾನರಿ," ಎಂದ ಯಲ್ಲಪ್ಪ. "ಆದ್ರ ವೈರ್ ಮುಟ್ಟಿಲ್ರಿ."

"ಇನ್ನ ಮ್ಯಾಲ ಕಂಪ್ಯೂಟರ್ ಖೋಲಿ ಹೊಸ್ತಿಲಾ ದಾಟಬ್ಯಾಡ."

"ಯಲ್ಲಪ್ಪ ಅಲ್ರಿ ಇದು," ಎಂದರು ಬಾಬಾಸಾಹೇಬರು.

"ಮತ್ಯಾರು?"

ಬಾಬಾಸಾಹೇಬರು ಅಣ್ಣಪ್ಪನ ಕಡೆ ತಿರುಗಿದರು. "ಅಣ್ಣಪ್ಪಾ, ಏನರ ಹೇಳೂದ ಐತೇನು?"

ಅಣ್ಣಪ್ಪ ಏನೂ ಹೇಳಲಿಲ್ಲ. ವೀರರು ಮಿತಭಾಷಿಗಳು.

*

"ಅಣ್ಣಪ್ಪ ಕಾಕಾ," ಎಂದು ಶುಭಾಂಗಿ ಒಳಗಿನಿಂದ ಕರೆದಳು. "ಇಲ್ಲಿ ನಿಮ್ಮ ಹೆಸರಿನ ಫೈಲ್ ಐತಿ. ಅಪ್ಪಾ ಇಟ್ಟಾರ."

ಅಣ್ಣಪ್ಪನ ಎದೆ ಎರಡು ಗೇಣು ಅಗಲವಾಯಿತು. "ನೋಡಿದಿ ಪರಪ್ಪ? ಪುರಾವೆ! ಶುಭಾ, ಜೋರಾಗಿ ಓದವಾ. ಎಲ್ಲಾರಿಗೂ ಕೇಳಲಿ."

ಶುಭಾಂಗಿ ಓದಿದಳು. "ಹನ್ನೊಂದು ನಲವತ್ತೊಂದರ ತನಕ ವೈರಿನಲ್ಲಿ ಎಲ್ಲ ಸರಿಯಿತ್ತು. ಚೀಟಿ ಸುತ್ತತೊಡಗಿದ್ದು ಹನ್ನೊಂದು ನಲವತ್ತೆರಡಕ್ಕೆ. ಆಗ ಯಲ್ಲಪ್ಪ ಪೂಜೆಗೆ ಕುಂಬಳಕಾಯಿ ತರಲು ಸಂತೆಗೆ ಹೋಗಿದ್ದ. ಖೋಲಿಯಲ್ಲಿ ಇದ್ದವನು ಅಣ್ಣಪ್ಪ ಒಬ್ಬನೇ. ತಾನಾಗಿ ಹೇಳುತ್ತಾನೆ, ಕಾಯುತ್ತೇನೆ."

ಅವಳು ಪರದೆಯನ್ನು ಕೆಳಗೆ ಸರಿಸಿದಳು.

"ಇನ್ನೂ ಐತಿ ಕಾಕಾ. ಎರಡು ಸಾವಿರದ ಮೂರು, ಇನ್ನೂ ಹೇಳಿಲ್ಲ. ನಾಲ್ಕು, ಇನ್ನೂ ಹೇಳಿಲ್ಲ. ಐದು, ಸಂಕೇಶ್ವರದ ಮದುವೆಯಲ್ಲಿ ಸಿಕ್ಕಿದ್ದ, ಹೇಳುತ್ತಾನೆ ಅಂದುಕೊಂಡೆ, ಜಿಲೇಬಿ ತಿಂದು ಹೋದ. ಆರು, ಇನ್ನೂ..."

ಪಡಸಾಲೆಯಲ್ಲಿ ಯಾರೋ ಕಿಸಕ್ಕೆಂದರು. ಜಿನ್ನವ್ವ ಜಪ ನಿಲ್ಲಿಸಿ ತಲೆಯೆತ್ತಿದಳು.

"ಅದ ವರ್ಷ ಸಂಘದ ಕೆಲಸಾ ಬಿಟ್ಟ ಮನಿಗಿ ಬಂದ್ರಲ್ಲ, ಆಮ್ಯಾಲ ಪ್ರತಿ ಖಂಡೆ ಪೂಜಾಕ್ಕ ನನ್ನ ಕೇಳತಿದ್ರು, ಅಣ್ಣಪ್ಪಂದ ಫೋನ್ ಬಂದಿತ್ತೇನ ಅಂತ. ಏನ ಹೇಳಬೇಕಿತ್ತೋ ತಮ್ಮಾ? ಈಗರ ಹೇಳು. ಇನ್ನೂ ಇಲ್ಲೇ ಅದಾರ."

ಅಣ್ಣಪ್ಪ ಹೆಣದ ಕಾಲ ಬಳಿ ಹೋಗಿ ನಿಂತ. ಇನ್ನು ಆಟ ಸಾಕು. ಇಷ್ಟು ಹೊತ್ತು ಅಣ್ಣಪ್ಪ, ಅಣ್ಣಪ್ಪ ಎಂದು ಹೊಗಳಿದವನೂ ನಾನೇ, ಆ ಅಣ್ಣಪ್ಪನೂ ನಾನೇ. ಸೈಕಲ್ಲಿನಲ್ಲಿ ಬಂದಿರಲಿಲ್ಲ. ಬಸ್ಸಿನಲ್ಲಿ ಬಂದಿದ್ದೆ, ಒಂದೂಕಾಲು ತಾಸಿಗೆ.

"ನಾನರಿ ಕಾಕಾ," ಎಂದೆ. "ಒಂದ ತುದಿ ಜೋತಾಡಾಕತ್ತಿತ್ತು. ಪೂಜಾದ ದಿನ ಚಂದ ಕಾಣ್ಲಿ ಅಂತ ಖಾಲಿ ತೂತಿನ್ಯಾಗ ಚುಚ್ಚಿದ್ನಿ. ತಪ್ಪ ಹುಡಕಿದವರೂ ನೀವ, ನಾ ಅಲ್ಲ. ಯಲ್ಲಪ್ಪ ಏನೂ ಮಾಡಿಲ್ಲ."



ಯಲ್ಲಪ್ಪ ಗೇಟು ದಾಟಿ ಬಂದ. ಬೈಯುತ್ತಾನೆ ಎಂದುಕೊಂಡೆ. ಹೊಸ್ತಿಲಲ್ಲಿ ಒಂದು ಗಳಿಗೆ ಕಂಪ್ಯೂಟರನ್ನೇ ನೋಡಿದ.

"ಐದ ವರ್ಷ ಹೊರಗ ನಿಂತೀನ್ರಿ ಅಣ್ಣಪ್ಪ ಸಾಹೇಬ್ರ," ಎಂದ. "ನಾನ ಮಾಡೇನೇನೋ ಅಂತ ನನಗೂ ಅನ್ನಿಸಿಬಿಟ್ಟಿತ್ತು."

"ನಾಳೆ ಚೇರಮನ್ರ ಮುಂದೂ ಹೇಳ್ತೀನಿ."

"ನಾಳೆ ಯಾಕ್ರಿ? ನನ್ನ ಹಿಂದ ನಿಂತಾರ."

ಅವನ ಹೆಗಲಾಚೆ ನೋಡಿದೆ. ವೀರಪ್ಪನವರು ಹಾರ ಹಿಡಿದು ಬಾಗಿಲಲ್ಲಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

ಚಟ್ಟ ಎತ್ತುವ ಹೊತ್ತಾಯಿತು. ಮುಂದಿನ ಬಲಗಡೆಯ ಹೆಗಲು ನನ್ನದೇ ಎಂದು ಬೆಳಗಿನಿಂದ ಊರಿಗೆಲ್ಲ ಸಾರಿದ್ದೆ. ಯಲ್ಲಪ್ಪ ಚಪ್ಪಲಿ ಬಿಟ್ಟು ಆ ಬಿದಿರಿನ ಕೆಳಗೆ ಹೆಗಲು ಕೊಟ್ಟ. ನಾನು ಸರಿದೆ.

ಸ್ಮಶಾನದ ತನಕ ಎಲ್ಲರ ಹಿಂದೆ ನಡೆದೆ, ಕೈಯಲ್ಲಿ ಯಲ್ಲಪ್ಪನ ಚಪ್ಪಲಿ. ಕ್ವಿಂಟಲ್ ಭಾರ ಇದ್ದವು ಎಂದು ಬರೆಯಲು ಕೈ ಓಡುತ್ತದೆ. ಇಲ್ಲ. ಒಂದೊಂದು ಪಾವು ಕಿಲೋ ಇದ್ದಾವು, ಎಡಗಡೆಯದಕ್ಕೆ ಹೆಬ್ಬೆರಳಿನ ಉಂಗುಷ್ಟದ ಪಟ್ಟಿಯ ಬದಲು ತುಂಡು ವೈರು ಕಟ್ಟಿತ್ತು.