ಪಂಪು ಮುಟ್ಟದೆ ಕೂತ ಓರಿನ್

ಮರುದಿನ ಬೆಳಿಗ್ಗೆ ನಮ್ಮ ನೆರೆಯ ಓರಿನ್ ಪ್ರಾಥರ್ ಕ್ಯಾಲಿಫೋರ್ನಿಯಾಕ್ಕೆ ಹೊರಡುವವನಿದ್ದ. ನನ್ನನ್ನು ಮದುವೆಯಾಗುತ್ತೀಯಾ ಎಂದು ನನ್ನ ನಾದಿನಿ ವೆರ್ನಾಳನ್ನು ಅವನಿನ್ನೂ ಕೇಳಿರಲಿಲ್ಲ. ಎರಡು ವರ್ಷದಿಂದ ಪ್ರತಿ ಭಾನುವಾರ ನಮ್ಮ ಅಡುಗೆಮನೆಗೆ ಬಂದು, ಜೋಳದ ರೊಟ್ಟಿ ತಿಂದು, ಮಳೆಯ ವಿಷಯ ಮಾತಾಡಿ ಎದ್ದು ಹೋಗುತ್ತಿದ್ದ. ಬಾರದ ಮಳೆಯ ಬಗ್ಗೆ ಎಷ್ಟು ಹೊತ್ತು ಮಾತಾಡಬಹುದು ಎಂಬುದನ್ನು ನಾನು ಕಲಿತದ್ದು ಅವನಿಂದಲೇ.

ವರ್ಷಗಟ್ಟಲೆ ಮಳೆಯಿಲ್ಲದೆ ನಮ್ಮ ಗೋಧಿ ಹೊಲ ಧೂಳಾಗಿ, ಗಾಳಿಯಲ್ಲೆದ್ದು ಕಾನ್ಸಾಸ್ ರಾಜ್ಯದ ಕಡೆ ಹೋಗಿ ಆಗಿತ್ತು. ನಾನು ಪಾಠ ಹೇಳುತ್ತಿದ್ದ ಶಾಲೆ ಸಂಬಳ ಕೊಡಲಾಗದೆ ಮುಚ್ಚಿತ್ತು. ಗಂಡ ವಿಲ್ಬರ್ ಸರ್ಕಾರದ ರಸ್ತೆ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿದ್ದವರು ಅತ್ತೆ ಡೆಲ್ಫಿಯಾ, ವೆರ್ನಾ, ನಾನು, ತೊಟ್ಟಿಲಲ್ಲಿ ನನ್ನ ಕೂಸು. ಚಳಿಗಾಲವಿಡೀ ವೆರ್ನಾ ಕೆಮ್ಮಿದ್ದಳು. ಅವಳು ಒಗೆದು ಹಾಕಿದ ಕರವಸ್ತ್ರಗಳಲ್ಲಿ ಮಣ್ಣಿನ ಬಣ್ಣ ಇರುತ್ತಿತ್ತು. ಅದನ್ನು ನಾನು ನೋಡಿದ್ದೆ, ಅತ್ತೆಯೂ ನೋಡಿದ್ದರು. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಧೂಳು ಬೀಸಿದ ದಿನ ಎಲ್ಲರ ಮೈಯಲ್ಲೂ ವಿದ್ಯುತ್ತು ತುಂಬಿಕೊಳ್ಳುತ್ತಿತ್ತು. ಕೈ ಕುಲುಕಿದರೆ ಕಿಡಿ ಹಾರಿ ಗಟ್ಟಿಮುಟ್ಟಾದ ಗಂಡಸರೂ ಹೌಹಾರುತ್ತಿದ್ದರು. ಹಾಗಾಗಿ ಒಳಬಂದವರು ಮೊದಲು ಅಡುಗೆಮನೆಯ ಕಬ್ಬಿಣದ ಕೈಪಂಪು ಮುಟ್ಟಿ, ಮೈಯಲ್ಲಿದ್ದುದನ್ನು ನೆಲಕ್ಕಿಳಿಸಿ, ಆಮೇಲೆ ಮನುಷ್ಯರ ಹತ್ತಿರ ಸುಳಿಯಬೇಕು. ಓರಿನ್ ಎರಡೆರಡು ಸಲ ಮುಟ್ಟುತ್ತಿದ್ದ. ಅಷ್ಟಾದರೂ ವೆರ್ನಾಳ ಕಿರುಬೆರಳು ಕೂಡ ಮುಟ್ಟಿದವನಲ್ಲ.

ಆ ಭಾನುವಾರ ಮಧ್ಯಾಹ್ನ ಅವನು ನಮ್ಮಿಂದ ಎರವಲು ಒಯ್ದಿದ್ದ ಗರಗಸ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಅವನ ಬೆನ್ನ ಹಿಂದೆ, ಉತ್ತರ ದಿಕ್ಕಿಗೆ, ಕಪ್ಪು ಗೋಡೆಯೊಂದು ಆಕಾಶಕ್ಕೆ ಏರುತ್ತಿತ್ತು.

"ಒಳಗೆ ಬಾರೋ, ಸಾಯ್ತೀಯ!" ಎಂದು ಅತ್ತೆ ಅವನ ಅಂಗಿಯ ತುದಿ ಹಿಡಿದು ಎಳೆದು ಬಾಗಿಲು ಹಾಕಿದರು. ನಾನು ಕಿಟಕಿಗಳಿಗೆ ಒದ್ದೆ ಬಟ್ಟೆ ಬಿಗಿದೆ, ತೊಟ್ಟಿಲ ಮೇಲೊಂದು ಹೊದಿಸಿದೆ. ಓರಿನ್ ಪಂಪಿನ ಕಡೆ ಹೆಜ್ಜೆಯಿಟ್ಟ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಅಡ್ಡ ನಿಂತರು.

"ಅದನ್ನೇನು ಮುಟ್ತೀಯಾ? ಕೂತ್ಕೋ ಅಲ್ಲಿ, ವೆರ್ನಾ ಪಕ್ಕ."

"ದೊಡ್ಡಮ್ಮ, ಮೈಯೆಲ್ಲಾ ಜುಂ ಅಂತಿದೆ..." ಊರಿನ ಹುಡುಗರೆಲ್ಲ ಅತ್ತೆಯನ್ನು ಕರೆಯುತ್ತಿದ್ದದ್ದು ಹಾಗೆಯೇ.

"ಕೂತ್ಕೋ ಅಂದೆ."

ಅವನು ಬೆಂಚಿನ ತುದಿಯಲ್ಲಿ ಬೀಳುವ ಹಾಗೆ ಕೂತ. ಗಾಳಿ ಬಂದು ಮನೆಗೆ ಅಪ್ಪಳಿಸಿತು. ಮಧ್ಯಾಹ್ನವೇ ಕಗ್ಗತ್ತಲು. ಹಚ್ಚಿದ ದೀಪವೂ ಗಾಳಿಗೆ ಆರಿಹೋಯಿತು. ನಾನು ತೊಟ್ಟಿಲೊಳಗೆ ಕೈಯಿಟ್ಟು ಕೂಸಿನ ಎದೆ ಏರಿಳಿಯುವುದನ್ನು ನೋಡಿಕೊಳ್ಳುತ್ತಿದ್ದೆ.

"ಗರಗಸವನ್ನೇನೋ ನೀನು ವಾಪಸ್ ಕೊಟ್ಟೆ," ವೆರ್ನಾಳ ದನಿ. "ಇನ್ನೇನಾದ್ರೂ ಬಾಕಿ ಉಳಿದಿದೆಯಾ ಓರಿನ್?"

"ನಾಲ್ಕು ಮೊಳೆ ಇತ್ತು. ಜೇಬಲ್ಲಿದೆ."

"ಸದ್ಯ! ಆ ಮೊಳೆ ಚಿಂತೇಲೇ ನಾನು ನಿದ್ದೆ ಬಿಟ್ಟಿದ್ದೆ."

ಗಾಳಿಯ ಮೊರೆತ, ವೆರ್ನಾಳ ಕೆಮ್ಮು. ಅತ್ತೆ ದಿನಾ ಹೆಣಿಗೆಗೆ ಕೂರುವ ಕುರ್ಚಿ ಒಂದು ಸಲ ಕಿರುಗುಟ್ಟಿತು.

ಚಟ್! ಕತ್ತಲಲ್ಲಿ ನೀಲಿ ಕಿಡಿ. ಓರಿನ್ "ಅಮ್ಮಾ!" ಎಂದು ಚೀರಿದ.

"ಕಂಡೆ, ಕಂಡೆ!" ಅತ್ತೆ ಕೂಗಿದರು. "ನನ್ನೆದುರೇ ನನ್ನ ಮಗಳಿಗೆ ಮುತ್ತು ಕೊಡ್ತೀಯೇನೋ?"

"ಅಯ್ಯೋ ಇಲ್ಲ ದೊಡ್ಡಮ್ಮ! ನಾನು ಅಲ್ಲಾಡಲೇ ಇಲ್ಲ!"

"ಅಲ್ಲಾಡದೆ ಕಿಡಿ ಹಾರುತ್ತಾ? ವೆರ್ನಾ, ನೀನು ಹೇಳೇ."

ವೆರ್ನಾ ಗಂಟಲು ಸರಿಮಾಡಿಕೊಂಡಳು. "ನಾನೇನು ಹೇಳ್ಲಿ, ನನಗೆ ನಾಚಿಕೆ," ಎಂದಳು. ಹುಟ್ಟಿದಾಗಿನಿಂದ ಅವಳಿಗೆ ನಾಚಿಕೆಯೆಂಬುದು ಇರಲಿಲ್ಲ.

"ಕಾಲೇಜು ಓದಿದ ಸೊಸೆ ಇದ್ದಾಳಲ್ಲ, ಅವಳು ಸುಳ್ಳು ಹೇಳಲ್ಲ," ಎಂದರು ಅತ್ತೆ. "ಏನಮ್ಮಾ, ಕಿಡಿ ಕಂಡೆಯಾ?"

ಕಿಡಿ ಕಂಡಿತ್ತು. ಅದರ ಬೆಳಕಿನಲ್ಲಿ ಓರಿನ್‌ನ ಕಿವಿ ಕಂಡಿತ್ತು, ಕಿವಿಗೆ ತಾಗಿದ ಉಕ್ಕಿನ ಹೆಣಿಗೆ ಕಡ್ಡಿ ಕಂಡಿತ್ತು, ಕಡ್ಡಿ ಹಿಡಿದ ಕೈಯೂ ಕಂಡಿತ್ತು. ಆ ಕೈಯನ್ನು ನಾನು ದಿನಾ ನೋಡುತ್ತೇನೆ. ಮಣ್ಣಿನ ಬಣ್ಣದ ಕರವಸ್ತ್ರಗಳೂ ನೆನಪಾದವು.

"ಕಿಡಿ ಹಾರಿದ್ದು ನಿಜ," ಎಂದೆ.

"ಆದ್ರೆ ನನ್ನ ಕಿವಿ ಯಾಕೆ ಉರೀತಿದೆ?" ಓರಿನ್ ಗೋಗರೆದ.

"ಮುತ್ತು ಕೊಡೋಕೂ ನೆಟ್ಟಗೆ ಬರಲ್ಲ ನಿಂಗೆ, ಅದಕ್ಕೆ!"

ಅವನು ಮತ್ತೆ ಇಲ್ಲ ಎನ್ನಲಿಲ್ಲ. ಪ್ರಾಮಾಣಿಕನ ಕಷ್ಟವೇ ಅದು. ಮೂವರು ಹೆಂಗಸರು ಹೇಳಿದ ಮೇಲೆ ತಾನೇ ಮರೆತಿರಬಹುದು ಎಂದುಕೊಳ್ಳುತ್ತಾನೆ.

"ವೆರ್ನಾ," ಎಂದ ಕೊನೆಗೆ, "ನಾಳೆ ಲಾರಿಯಲ್ಲಿ... ಇನ್ನೊಬ್ಬರಿಗೆ ಜಾಗ ಇದೆ. ಅಲ್ಲಿ ಗಾಳಿ ಚೆನ್ನಾಗಿದೆಯಂತೆ. ಕೆಮ್ಮು ನಿಲ್ಲಬಹುದು. ನಾನು ಹಿಂದೆಯೇ ಕೇಳ್ಬೇಕು ಅಂತಿದ್ದೆ. ಕೈಯಲ್ಲಿ ಕಾಸಿಲ್ಲದೆ ಹೇಗೆ ಕೇಳೋದು ಅಂತ..."

"ಕೇಳ್ತಿರೋದು ಲಾರಿಗಾ, ಮದುವೆಗಾ?"

"ಎರಡಕ್ಕೂ."

"ದಾರಿಯಲ್ಲಿ ಮಳೆ ವಿಷಯ ಮಾತಾಡಬಾರದು."

"ಆಡಲ್ಲ."

"ಹಾಗಾದ್ರೆ ಬರ್ತೀನಿ."

ಅತ್ತೆಯ ಕುರ್ಚಿಯ ಕಡೆಯಿಂದ ಮೂಗು ಸೀಟುವ ಸದ್ದು ಕೇಳಿತು. ಒಬ್ಬಳೇ ಮಗಳು, ಕ್ಯಾಲಿಫೋರ್ನಿಯಾಕ್ಕೆ ಹೋದವರು ಯಾರೂ ಇನ್ನೂ ತಿರುಗಿ ಬಂದಿರಲಿಲ್ಲ.

"ಧೂಳು," ಎಂದರು ಅತ್ತೆ, ಯಾರೂ ಕೇಳದಿದ್ದರೂ.

ಗಾಳಿ ಇನ್ನೂ ಮೊರೆಯುತ್ತಿತ್ತು. ಬೆಂಚಿನ ಕಡೆ ಏನೋ ಸರಿದ ಸದ್ದಾಯಿತು. ಚಟ್! ಈ ಸಲದ ಕಿಡಿ ದೊಡ್ಡದು. ಜೊತೆಗೆ ವೆರ್ನಾಳ ಕಿಲಕಿಲ ನಗು.

"ಇದು ನನ್ನದಲ್ಲ," ಎಂದರು ಅತ್ತೆ.

"ದೊಡ್ಡಮ್ಮಾ... ಹಾಗಾದ್ರೆ ಮೊದಲ್ನೇದು?"

"ಹೋಗಿ ಪಂಪು ಮುಟ್ಕೊಂಡು ಬಾರಪ್ಪ," ಎಂದರು ಅತ್ತೆ. "ಈಗ ಅಡ್ಡಿಯಿಲ್ಲ."