ಅಣಕು ಪ್ರದರ್ಶನ

ಹೊಳೆ ಉಕ್ಕಿದಾಗ ಜನರನ್ನು ಹೇಗೆ ಸಾಗಿಸಬೇಕೆಂದು ಮುಂಚಿತವಾಗಿ ಮಾಡಿ ತೋರಿಸುವ ಕೆಲಸಕ್ಕೆ ಸರ್ಕಾರದವರು ಇಟ್ಟ ಹೆಸರು ಅಣಕು ಪ್ರದರ್ಶನ. ಹೆಸರಿಟ್ಟ ಪುಣ್ಯಾತ್ಮ ಯಾರೋ, ಬಾಯಿತಪ್ಪಿ ನಿಜವನ್ನೇ ಹೇಳಿಬಿಟ್ಟಿದ್ದ ಎಂದು ಅವತ್ತು ರಾಚಮ್ಮನಿಗೆ ಅನ್ನಿಸಿತು.

ಕೊಳ್ಳೇಗಾಲದಿಂದ ಆಚೆ, ಕಾವೇರಿ ದಂಡೆಯ ಊರಿನಲ್ಲಿ ಮೋಟಾರು ಹಾಕಿಸಿದ ಮಿಷನ್‌ನಲ್ಲಿ ರವಿಕೆ ಹೊಲಿದು ಬದುಕುವ ಹೆಂಗಸು ಅವಳು. ಮಗುವಾಗಿದ್ದಾಗಲೇ ಪೋಲಿಯೊ ಬಂದು ಎರಡು ಕಾಲೂ ಸೋತಿದ್ದವು. ಕೈಯಲ್ಲಿ ಪೆಡಲು ತಿರುಗಿಸುವ ಮೂರು ಚಕ್ರದ ಸೈಕಲ್ಲೇ ಅವಳ ಓಡಾಟಕ್ಕೆ ಆಧಾರ. ಹೋದ ಸಲ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಅವಳನ್ನು ಮೂಟೆಯಂತೆ ಹೊತ್ತು ತಂದು ಶಾಲೆಯ ಮಹಡಿಯಲ್ಲಿ ಇಳಿಸಿದ್ದರು. ಸೈಕಲ್ಲು ಹೊಳೆಯ ಪಾಲಾಯಿತು. ಆ ಮಹಡಿಗೆ ಕಾಳಜಿ ಕೇಂದ್ರ ಎಂದು ಬೋರ್ಡು ಬರೆಸಿದ್ದರು, ಕಕ್ಕಸು ಮಾತ್ರ ಕೆಳಗಿತ್ತು. ಶಾಲೆ ದಿಬ್ಬದ ಮೇಲಿದ್ದರಿಂದ ನೀರು ಅಲ್ಲಿಗೆ ಬಂದಿರಲಿಲ್ಲ. ಹೋಗಬೇಕೆಂದರೆ ಊರವರೆಲ್ಲ ನೋಡುತ್ತಿರುವಾಗ ಅಂಡೂರಿಕೊಂಡು ಮೆಟ್ಟಿಲಿಳಿಯಬೇಕು. ಆ ಮರ್ಯಾದೆಗೇಡಿಗೆ ಹೆದರಿ ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಸುತ್ತಲೂ ಹೊಳೆ, ಬಾಯಲ್ಲಿ ಪಸೆಯಿಲ್ಲ. ಕೆಳಗೆ ಹೆಡ್‌ಮಾಸ್ಟರರ ಕೋಣೆಗೆ ಒಳಗೇ ಕಕ್ಕಸಿತ್ತು. ಅದನ್ನು ತೆಗೆಸಿಕೊಡಿ ಎಂದು ಗೋಗರೆದಾಗ, ಬೀಗದ ಕೈ ಸಿಕ್ಕುತ್ತಿಲ್ಲ ಎಂದು ಅವರು ಸಾಗಹಾಕಿದ್ದರು.

ಈ ವರ್ಷ ಮಳೆ ಜೋರಾಗುವ ಮುಂಚೆಯೇ ಪ್ರದರ್ಶನ ಏರ್ಪಾಡಾಯಿತು. ಅಂಗವಿಕಲರನ್ನೂ ಸೇರಿಸಿಕೊಂಡ ಯೋಜನೆ ಎಂದು ಆಟೋದಲ್ಲಿ ಮೈಕು ಕಟ್ಟಿ ಸಾರಿದರು. ಆ ಕೋಣೆಯ ಮಾತು ಎತ್ತಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ ಎಂದುಕೊಂಡು ರಾಚಮ್ಮ ಸಾಲ ಮಾಡಿ ಕೊಂಡ ಹೊಸ ಸೈಕಲ್ಲಿನಲ್ಲಿ ಎಲ್ಲರಿಗಿಂತ ಮೊದಲೇ ಶಾಲೆಗೆ ಬಂದಳು.

"ನೀವು ಆ ಮರದ ನೆರಳಲ್ಲಿ ಇರಿಮ್ಮ. ಅಂಗವಿಕಲರ ಪಾತ್ರಕ್ಕೆ ಶಾಂತರಾಜು ಇದ್ದಾನೆ," ಎಂದರು ತಾಲ್ಲೂಕು ಕಚೇರಿಯಿಂದ ಬಂದಿದ್ದ ಸಾಹೇಬರು.

ಶಾಂತರಾಜು ಕಬ್ಬಿನ ಹೊರೆಯನ್ನು ಒಬ್ಬನೇ ಲಾರಿಗೆ ಎಸೆಯುವ ಆಳು. ಸ್ಟ್ರೆಚರಿನ ಮೇಲೆ ಮಲಗಿ ಹಲ್ಲು ಕಿರಿಯುತ್ತಿದ್ದ.

"ಪಾತ್ರ ಯಾಕ್ ಸಾ? ನಾನೇ ಇದ್ದೀನಲ್ಲ."

"ರಿಸ್ಕ್ ಬೇಡಮ್ಮ. ನೀವು ಬಿದ್ದುಗಿದ್ದು ಹೆಚ್ಚುಕಮ್ಮಿ ಆದ್ರೆ?"

"ಇವತ್ತು ಬಿದ್ರೆ ನಿಮ್ಗೆ ರಿಸ್ಕು. ವೊಳೆ ಬಂದಾಗ ಬಿದ್ರೆ ನನ್ ಹಣೆಬರಾನಾ?"

ಸಾಹೇಬರು ಅಷ್ಟರಲ್ಲಿ ಫೋಟೋದವನ ಕಡೆ ತಿರುಗಿದ್ದರು. ರಾಚಮ್ಮನ ಮೈಯೆಲ್ಲ ಉರಿದುಹೋಯಿತು.

ನಾಲ್ವರು ಶಾಂತರಾಜುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಮೆಟ್ಟಿಲು ತಿರುಗುವ ಜಾಗದಲ್ಲಿ ಸ್ಟ್ರೆಚರು ಗೋಡೆಗೆ ತಗುಲಿ ಸಿಕ್ಕಿಕೊಂಡಿತು. ಹಿಂದೆ ಎಳೆದರು, ಓರೆ ಮಾಡಿದರು. ತಲೆ ಕೆಳಗಾಗತೊಡಗಿದಾಗ ಶಾಂತರಾಜು ಹೆದರಿ ಕೆಳಕ್ಕೆ ಹಾರಿಕೊಂಡ. ಮಿಕ್ಕ ಮೆಟ್ಟಿಲನ್ನು ದಡದಡನೆ ತಾನೇ ಹತ್ತಿಬಿಟ್ಟ. ಜನ ಬಿದ್ದು ಬಿದ್ದು ನಕ್ಕರು. ಸಾಹೇಬರು ಮೈಕಿನಲ್ಲಿ ಕಾರ್ಯಾಚರಣೆ ಯಶಸ್ವಿ ಎಂದು ಸಾರಿ, ಹೆಡ್‌ಮಾಸ್ಟರ್ ಮಹದೇವಯ್ಯನವರನ್ನೂ ಕರೆದುಕೊಂಡು ಫೋಟೋಕ್ಕೆಂದು ಮಹಡಿಗೆ ಹೋದರು.

ನಡೆಯಲಾಗದವನು ನಡೆದು ಹೋದ, ಅದು ಯಶಸ್ವಿಯಂತೆ. ಇದಕ್ಕಿಂತ ಮುಖಕ್ಕೆ ಉಗಿದಿದ್ದರೂ ಆಗುತ್ತಿತ್ತು.

ರಾಚಮ್ಮ ಸೈಕಲ್ಲಿನಿಂದ ಇಳಿದಳು. ಯಾವುದಕ್ಕೆ ನಾಚಿ ಬಾಯಿ ಒಣಗಿಸಿಕೊಂಡಿದ್ದಳೋ ಅದನ್ನೇ ಈಗ ಊರೆದುರು ಮಾಡಿದಳು. ಅಂಗೈ ಊರಿ, ಅಂಡೂರಿ, ಒಂದೊಂದೇ ಮೆಟ್ಟಿಲು ಹತ್ತಿ ಆ ತಿರುವಿನಲ್ಲಿ ಕೂತಳು. ತನ್ನ ಕಾಲುಗಳನ್ನು ಕೈಯಿಂದ ಎತ್ತಿ ದಾರಿಗೆ ಅಡ್ಡಲಾಗಿ ಚಾಚಿಟ್ಟಳು.

ಫೋಟೋ ಮುಗಿಸಿ ಇಳಿದು ಬಂದವರು ಅಲ್ಲೇ ನಿಂತರು. ಕೂತವರನ್ನು ದಾಟಿ ಹೋಗುವುದು ಆ ಸೀಮೆಯಲ್ಲಿ ಹುಡುಗರೂ ಮಾಡದ ಕೆಲಸ. ಅದೂ ಇಷ್ಟು ಜನ ಕೆಳಗಿನಿಂದ ನೋಡುತ್ತಿರುವಾಗ.

"ಏನಮ್ಮ ಇದು?"

"ಈ ತಿರುವ್ನಲ್ಲಿ ಶಾಂತರಾಜು ಎದ್ದು ನಡ್ದ. ನಾನೇನ್ ಮಾಡ್ಬೇಕು, ಅದ್ನ ಯೋಳಿ ಸಾ."

ಸಾಹೇಬರು ವಾಚು ನೋಡಿಕೊಂಡರು. "ಮೇಲಿನವ್ರಿಗೆ ಬರೀತೀವಿ ಬಿಡಿ. ದಾರಿ ಬಿಡಿ," ಎಂದರು.

"ಕೆಳಗಿನ್ ಕೋಣೆ ಬೀಗ ತಗ್ಸಿ. ನಮ್ಮಂತೋರ್ಗೆ ಅದೇ ಅಂತ ಇಲ್ಲೇ ಮೈಕ್ನಲ್ಲಿ ಯೋಳಿ. ಬುಡ್ತೀನಿ."

"ಬೀಗದ ಕೈ ಎಲ್ಲಿದೆಯೋ ಏನೋ," ಎಂದರು ಹಿಂದೆ ನಿಂತಿದ್ದ ಮಹದೇವಯ್ಯ.

"ಸಿಗೋಗಂಟ ಕೂತ್ಕತೀನಿ. ನಂಗೇನು ಕೂತು ಅಭ್ಯಾಸ."

ಹೊತ್ತು ಏರಿತು. ಸಾಹೇಬರಿಗೆ ಸಕ್ಕರೆ ಕಾಯಿಲೆ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳತೊಡಗಿದರು. ಆ ಚಡಪಡಿಕೆ ಎಂಥದ್ದೆಂದು ರಾಚಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಕಕ್ಕಸು ಕೆಳಗೈತೆ ಸಾ," ಎಂದಳು. "ಕಷ್ಟ ಆಯ್ತದೆ, ಅಲ್ವಾ?"

ಸಾಹೇಬರು ಕೆಂಪಗಾಗಿ ಹಿಂದೆ ತಿರುಗಿ ನೋಡಿದರು. ಮಹದೇವಯ್ಯನವರ ಕೈ ಮೆಲ್ಲಗೆ ಪ್ಯಾಂಟಿನ ಜೇಬಿಗೆ ಹೋಗಿ, ಬೀಗದ ಕೈ ಹಿಡಿದು ಹೊರಬಂತು.

ಕೆಳಗಿದ್ದವರೆಲ್ಲ ಕತ್ತೆತ್ತಿ ಅದನ್ನೇ ನೋಡಿದರು.

"ಓದ್ ಸಲಾನೂ ಅಲ್ಲೇ ಇತ್ತಾ ಮೇಷ್ಟ್ರೇ?"

ಮಹದೇವಯ್ಯ ತಲೆ ಎತ್ತಲಿಲ್ಲ. "ಎಲ್ರೂ ಬಂದು ಗಲೀಜು ಮಾಡ್ತಾರೆ ಅಂತ, ರಾಚಮ್ಮ..."

ಅವಳಿಗೆ ಅಳು ಬರುವಂತಾಯಿತು. ಇವರೆದುರು ಅಳಬಾರದೆಂದು ತುಟಿ ಕಚ್ಚಿಕೊಂಡಳು. ಸಾಹೇಬರು ಮೈಕು ತರಿಸಿಕೊಂಡು, ನೆರೆ ಬಂದಾಗ ಕೆಳಗಿನ ಕೋಣೆ ಅಂಗವಿಕಲರಿಗೇ ಎಂದು ಗಡಿಬಿಡಿಯಲ್ಲಿ ಹೇಳಿ ಮುಗಿಸಿದರು.

"ಆಯ್ತಲ್ಲ, ಈಗ ಕಾಲು ತೆಗೀಮ್ಮ."

"ಮದ್ಲು ಬೀಗ ಸಾ. ಆಮ್ಯಾಕೆ ಕಾಲು."

ಮಹದೇವಯ್ಯ ಬೀಗದ ಕೈಯನ್ನು ಕೆಳಗೆ ಎಸೆದರು. ಯಾರೋ ಓಡಿಹೋಗಿ ಕೋಣೆಯ ಬಾಗಿಲು ತೆರೆದ ಸದ್ದು ಕೇಳಿಸಿತು. ಆಗ ರಾಚಮ್ಮ ಒಂದು ಕಾಲನ್ನು ಎತ್ತಿ ಪಕ್ಕಕ್ಕಿಟ್ಟುಕೊಂಡಳು. ಇನ್ನೊಂದಕ್ಕೆ ಅವಸರವೇನೂ ಇರಲಿಲ್ಲ.